ದತ್ತಾಂಶ ಕಡತದಲ್ಲಿ ಅನಿಶ್ಚಿತತೆಗೆ ತನ್ನದೇ ಕಾಲಂ ಬೇಕು

ಮಾನ್ಯ ಸಂಪಾದಕರೇ,

ವಿಜ್ಞಾನದ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರು ತಮ್ಮ ಪತ್ರಿಕೆಯ ಓದುಗರಲ್ಲಿ ಇರುವುದರಿಂದ, ಪ್ರಯೋಗಾಲಯಗಳಲ್ಲಿ ದಿನನಿತ್ಯ ಕಾಣುವ, ಆದರೆ ಯಾರೂ ಕುಳಿತು ಚರ್ಚಿಸದ ಒಂದು ರೂಢಿಯ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಅಳತೆಯ ಫಲಿತಾಂಶವನ್ನು ಹತ್ತರ ಘಾತದೊಡನೆ ಬರೆದು, ಅದರ ಅನಿಶ್ಚಿತತೆಯನ್ನು, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆ ಆಗಿರಬಹುದೆಂಬ ಅಂದಾಜನ್ನು, ಆವರಣದೊಳಗೆ ಸೇರಿಸಿ, ಆ ಇಡೀ ಬರಹವನ್ನು ಹಾಗೆಯೇ ದತ್ತಾಂಶ ಕಡತದ ಒಂದೇ ಮನೆಯಲ್ಲಿ (ಸೆಲ್‌ನಲ್ಲಿ) ತುಂಬಿಬಿಡುವ ರೂಢಿ ಅದು. ಅಚ್ಚಿನ ಪುಟಕ್ಕೆ ಈ ಬರವಣಿಗೆ ಚೆನ್ನಾಗಿ ಒಪ್ಪುತ್ತದೆ. ಕಂಪ್ಯೂಟರ್ ಓದಿ, ಲೆಕ್ಕ ಮಾಡಿ, ಮತ್ತೆ ಬರೆದಿಡುವ ಕಡತಕ್ಕೆ ಒಪ್ಪುವುದಿಲ್ಲ. ಅಲ್ಲಿ ಮೌಲ್ಯಕ್ಕೆ ಒಂದು ಕಾಲಂ, ಅನಿಶ್ಚಿತತೆಗೆ ಇನ್ನೊಂದು ಕಾಲಂ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಬರವಣಿಗೆ ಏನೆಂಬುದನ್ನು ಮೊದಲು ಒಂದು ಉದಾಹರಣೆಯಿಂದ ಹೇಳುತ್ತೇನೆ. ಮೂಲಭೂತ ಭೌತ ಸ್ಥಿರಾಂಕಗಳಿಗೆ ಮೌಲ್ಯಗಳನ್ನು ಶಿಫಾರಸು ಮಾಡುವ ಕೋಡೇಟಾ ಪಟ್ಟಿಯ 2018ರ ಆವೃತ್ತಿಯಲ್ಲಿ ಗುರುತ್ವ ಸ್ಥಿರಾಂಕವನ್ನು, ಎಸ್‌ಐ ಏಕಮಾನಗಳಲ್ಲಿ, 6.67430(15) × 10⁻¹¹ ಎಂದು ಕೊಡಲಾಗಿದೆ. ಆವರಣದೊಳಗಿನ 15 ಮುಖ್ಯ ಸಂಖ್ಯೆಯ ಕೊನೆಯ ಎರಡು ಅಂಕೆಗಳ ಕೆಳಗೆ ಬಂದು ನಿಲ್ಲುವ 15, ಅಂದರೆ 0.00015. ಹತ್ತರ ಘಾತ ಮೌಲ್ಯ, ಅನಿಶ್ಚಿತತೆ ಎರಡಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ಅದೇ ಸ್ಥಿರಾಂಕಕ್ಕೆ 2014ರ ಪಟ್ಟಿಯಲ್ಲಿದ್ದದ್ದು 6.67408(31) × 10⁻¹¹. ಎರಡನ್ನೂ ಮೇಲೆ ಕೆಳಗೆ ಇಟ್ಟು ನೋಡಿದವರಿಗೆ, ಮೌಲ್ಯ ಕೊನೆಯ ಸ್ಥಾನಗಳಲ್ಲಿ 22ರಷ್ಟು ಸರಿದಿದೆ, ಆ ಸರಿದಾಟ ಹಳೆಯ ಅನಿಶ್ಚಿತತೆಯಾದ 31ರ ಒಳಗೇ ಇದೆ, ಹೊಸ ಅನಿಶ್ಚಿತತೆ ಹಳೆಯದರ ಅರ್ಧಕ್ಕಿಂತಲೂ ಸ್ವಲ್ಪ ಕಡಿಮೆಯಾಗಿದೆ ಎಂಬುದೆಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ. ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಹೇಳುವ ಬರವಣಿಗೆಯನ್ನು ಕಂಡುಕೊಂಡವರ ಬಗ್ಗೆ ನನಗೆ ಗೌರವವೇ ಇದೆ.

ಆದರೆ 6.67430 ಎಂಬುದರ ಕೊನೆಯ ಸೊನ್ನೆಯನ್ನು ಗಮನಿಸಬೇಕು. ಆವರಣದ 15ಕ್ಕೆ ಅರ್ಥ ಕೊಡುತ್ತಿರುವುದು ಆ ಸೊನ್ನೆ. ಓದುವ ಮನುಷ್ಯನಿಗೆ ಅದು ‘ಈ ಸ್ಥಾನದವರೆಗೂ ಅಳೆದಿದ್ದೇವೆ’ ಎಂಬ ಹೇಳಿಕೆ. ಕಂಪ್ಯೂಟರಿಗೆ ಅದು ಏನೂ ಅಲ್ಲ. ಕಂಪ್ಯೂಟರ್ ಸಂಖ್ಯೆಯನ್ನು ದ್ವಿಮಾನ ರೂಪದಲ್ಲಿ ಇಟ್ಟುಕೊಳ್ಳುತ್ತದೆ, ಅಲ್ಲಿ 6.67430 ಮತ್ತು 6.6743 ಎರಡೂ ಒಂದೇ. ಮತ್ತೆ ಬರೆ ಎಂದಾಗ ಬಹುತೇಕ ತಂತ್ರಾಂಶಗಳು 6.6743 ಎಂದೇ ಬರೆಯುತ್ತವೆ. ಹೀಗೆ ಸೊನ್ನೆ ಉದುರಿದ ಮೇಲೆ, ಪಕ್ಕದಲ್ಲಿ ಎತ್ತಿಟ್ಟಿದ್ದ ಆವರಣವನ್ನು ಮತ್ತೆ ಅಂಟಿಸಿದರೆ 6.6743(15) ಆಗುತ್ತದೆ. ಈಗ ಅದರ ಅರ್ಥ 0.0015. ಒಂದು ಅಂಕೆಯನ್ನೂ ಯಾರೂ ತಿದ್ದಲಿಲ್ಲ, ಆದರೂ ಅನಿಶ್ಚಿತತೆ ಹತ್ತು ಪಟ್ಟು ಬೆಳೆದುಬಿಟ್ಟಿತು.

ಇದು ಪುಸ್ತಕದ ಶಂಕೆಯಲ್ಲ, ನಾನೇ ಅನುಭವಿಸಿದ್ದು. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಒಂದು ಪದಾರ್ಥದ ಸಾಂದ್ರತೆಯನ್ನು ಎರಡು ತಂಡಗಳು ಬೇರೆಬೇರೆಯಾಗಿ ಅಳೆದಿದ್ದವು. ಮೊದಲ ತಂಡದ ಕಡತದಲ್ಲಿದ್ದದ್ದು 2.3410(12) × 10³, ಎರಡನೆಯದರಲ್ಲಿ 2.3432(10) × 10³, ಎರಡೂ ಘನ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂಬ ಲೆಕ್ಕದಲ್ಲಿ. ಅಂದರೆ 2341.0ಕ್ಕೆ 1.2 ಮತ್ತು 2343.2ಕ್ಕೆ 1.0 ಅನಿಶ್ಚಿತತೆ. ಅನಿಶ್ಚಿತತೆಯ ವರ್ಗದ ವಿಲೋಮವನ್ನು ತೂಕವಾಗಿ, ಅಂದರೆ ಲೆಕ್ಕದಲ್ಲಿ ಆ ಅಳತೆಗೆ ಸಿಗುವ ಪ್ರಾಮುಖ್ಯವಾಗಿ, ಇಟ್ಟು ಸರಾಸರಿ ತೆಗೆದರೆ ಉತ್ತರ 2342.3, ಅದರ ಅನಿಶ್ಚಿತತೆ ಸುಮಾರು 0.8. ನಮಗೆ ಬಂದದ್ದು 2343.2, ಅನಿಶ್ಚಿತತೆ 1.0. ಎರಡನೆಯ ತಂಡದ ಸಂಖ್ಯೆಯೇ ಇದ್ದಕ್ಕಿದ್ದಂತೆ ಅಂತಿಮ ಉತ್ತರವಾಗಿ ಕುಳಿತಿತ್ತು. ಎರಡು ಒಳ್ಳೆಯ ಅಳತೆಗಳನ್ನು ಸೇರಿಸಿದ ಮೇಲೂ ಅನಿಶ್ಚಿತತೆ ಒಂದಿಷ್ಟೂ ಇಳಿಯದಿರುವುದನ್ನು ಕಂಡು ನನಗೆ ಅನುಮಾನ ಬಂತು. ಉಪಕರಣವನ್ನು ಅನುಮಾನಿಸಿದೆವು, ಸೂತ್ರವನ್ನು ಅನುಮಾನಿಸಿದೆವು, ಮೊದಲ ತಂಡದವರನ್ನು ಕರೆದು ಪ್ರಶ್ನಿಸಿದೆವು. ಕಡತವನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ಮೂರನೆಯ ದಿನ ಮೂಲ ನೋಟುಪುಸ್ತಕವನ್ನು ಪರದೆಯ ಪಕ್ಕಕ್ಕಿಟ್ಟು ಸಾಲುಸಾಲಾಗಿ ಹೋಲಿಸಿದಾಗ ಗೊತ್ತಾಯಿತು: ಕಡತಗಳನ್ನು ಜೋಡಿಸುವ ಹಂತದಲ್ಲಿ 2.3410(12) ಎಂಬುದು 2.341(12) ಆಗಿತ್ತು. 1.2 ಇದ್ದ ಅನಿಶ್ಚಿತತೆ 12 ಆಗಿ, ಆ ಅಳತೆಯ ತೂಕ ನೂರರಲ್ಲಿ ಒಂದು ಪಾಲಿಗೆ ಇಳಿದು, ಮೊದಲ ತಂಡದ ವಾರಗಟ್ಟಲೆಯ ಶ್ರಮಕ್ಕೆ ಲೆಕ್ಕದಲ್ಲಿ ಧ್ವನಿಯೇ ಇಲ್ಲದಂತಾಗಿತ್ತು. ಆ ತಂಡದ ಕಿರಿಯ ಸಂಶೋಧಕಿಯ ಎದುರು ನಾವು ಆಡಿದ ಮಾತುಗಳನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ.

ಸೊನ್ನೆ ಉದುರುವುದಕ್ಕಿಂತ ಸೊನ್ನೆ ಸೇರುವುದು ಇನ್ನೂ ಅಪಾಯಕಾರಿ. ಎಲ್ಲ ಸಂಖ್ಯೆಗಳೂ ಅಂದವಾಗಿ ಒಂದೇ ಉದ್ದಕ್ಕೆ ಬರಲಿ ಎಂದು ಯಾರಾದರೂ ಆರು ದಶಾಂಶ ಸ್ಥಾನಗಳಿಗೆ ಬರೆಯುವಂತೆ ಹೇಳಿಟ್ಟಿದ್ದರೆ ಅದೇ ಸಾಲು 2.341000(12) ಆಗುತ್ತಿತ್ತು. ಆಗ ಅನಿಶ್ಚಿತತೆ 1.2ರ ಬದಲು 0.012, ತೂಕ ಹತ್ತು ಸಾವಿರ ಪಟ್ಟು ಹೆಚ್ಚು. ಆ ಒಂದೇ ಸಾಲು ಮಿಕ್ಕೆಲ್ಲ ಅಳತೆಗಳನ್ನು ನುಂಗಿಹಾಕುತ್ತದೆ, ಅದರ ಜೊತೆಗೆ ಉತ್ತರದ ಅನಿಶ್ಚಿತತೆ ಬಹಳ ಚಿಕ್ಕದಾಗಿ ಕಾಣುವುದರಿಂದ ಎಲ್ಲರಿಗೂ ಸಂತೋಷವೂ ಆಗುತ್ತದೆ. ಅನಿಶ್ಚಿತತೆ ದೊಡ್ಡದಾದಾಗ ಕಾರಣ ಹುಡುಕುವ ನಾವು, ಚಿಕ್ಕದಾದಾಗ ಹುಡುಕುವುದು ಅಪರೂಪ.

ಇನ್ನು ಹತ್ತರ ಘಾತದ ವಿಷಯ. ಕಡತಗಳಲ್ಲಿ ‘ಗುಣಿಸು ಹತ್ತರ ಘಾತ’ ಎಂಬುದಕ್ಕೆ ಇಂಗ್ಲಿಷಿನ ಇ ಅಕ್ಷರವನ್ನು ಬಳಸುವ ಪದ್ಧತಿ ಫೋರ್ಟ್ರಾನ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಕಾಲದಿಂದ ಬಂದಿದೆ. ಇಲ್ಲಿ ಅದನ್ನು ಕನ್ನಡದ ಇ ಅಕ್ಷರದಿಂದಲೇ ಸೂಚಿಸುತ್ತೇನೆ. 6.67430(15)ಇ-11 ಎಂದು ಬರೆದರೆ ಆವರಣ ಘಾತಕ್ಕಿಂತ ಮೊದಲು ಬರುವುದರಿಂದ ಅರ್ಥ ಸ್ಪಷ್ಟ. ಆದರೆ 6.67430ಇ-11(15) ಎಂದು ಬರೆದಿರುವುದನ್ನೂ ನಾನು ಕಂಡಿದ್ದೇನೆ. ಅಲ್ಲಿ 15 ಯಾವುದರ ಕೊನೆಯ ಅಂಕೆಗಳಿಗೆ ಸಂಬಂಧಿಸಿದ್ದು, ಮುಖ್ಯ ಸಂಖ್ಯೆಯದೋ ಘಾತದ್ದೋ, ಎಂಬುದನ್ನು ಬರೆದವರೇ ಬಂದು ಹೇಳಬೇಕು. 6.67430 ± 0.00015 × 10⁻¹¹ ಎಂದು ಹೊರ ಆವರಣವಿಲ್ಲದೆ ಬರೆಯುವುದಂತೂ ತೀರಾ ಸಾಮಾನ್ಯವಾಗಿದೆ. ಗಣಿತದ ನಿಯಮದಂತೆ ಓದಿದರೆ ಅಲ್ಲಿ ಘಾತ ಅನ್ವಯಿಸುವುದು ಅನಿಶ್ಚಿತತೆಗೆ ಮಾತ್ರ. ಮನುಷ್ಯ ಅದನ್ನು ಮನಸ್ಸಿನಲ್ಲೇ ಸರಿಪಡಿಸಿಕೊಂಡು ಓದುತ್ತಾನೆ, ಯಂತ್ರಕ್ಕೆ ಆ ಸೌಜನ್ಯವಿಲ್ಲ. ಪಿಡಿಎಫ್ ಪುಟದಿಂದ ನಕಲು ಮಾಡಿ ಅಂಟಿಸಿದಾಗ ಮೇಲ್ಬರಹ ಕೆಳಗಿಳಿದು 10⁻¹¹ ಎಂಬುದು 10-11 ಆಗುವುದು, ಮುದ್ರಣದ ಋಣ ಚಿಹ್ನೆ ಕೀಲಿಮಣೆಯ ಅಡ್ಡಗೆರೆಗಿಂತ ಬೇರೆಯ ಅಕ್ಷರವಾದ್ದರಿಂದ ಇಡೀ ಸಂಖ್ಯೆ ಸಂಖ್ಯೆಯೆಂದೇ ಓದಿಸಿಕೊಳ್ಳದಿರುವುದು, ಯುಟಿಎಫ್-8ರಲ್ಲಿ ಉಳಿಸಿದ ± ಚಿಹ್ನೆಯನ್ನು ಹಳೆಯ ಸಂಕೇತ ಪದ್ಧತಿಯಲ್ಲಿ ತೆರೆದಾಗ ಅದರ ಮುಂದೆ ಬೇಡದ ಅಕ್ಷರವೊಂದು ಬಂದು ಕೂರುವುದು, ಇವನ್ನು ಈ ಕೆಲಸ ಮಾಡುವವರೆಲ್ಲರೂ ಬಲ್ಲರು.

ಸ್ಪ್ರೆಡ್‌ಶೀಟ್‌ಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಎಕ್ಸೆಲ್‌ನ ಮನೆಯೊಂದರಲ್ಲಿ (15) ಎಂದಷ್ಟೇ ಬರೆದರೆ ಅದು -15 ಆಗುತ್ತದೆ, ಏಕೆಂದರೆ ಲೆಕ್ಕಪತ್ರದ ರೂಢಿಯಲ್ಲಿ ಆವರಣವೆಂದರೆ ಋಣ ಸಂಖ್ಯೆ. 6.67430 ಎಂದು ಬರೆದು ಮುಂದಿನ ಮನೆಗೆ ಹೋಗುವಷ್ಟರಲ್ಲಿ ಅದು 6.6743 ಎಂದು ಕಾಣುತ್ತದೆ. ಇ ಅಕ್ಷರವಿರುವ ಬರಹವನ್ನು ಸಂಖ್ಯೆಯೆಂದು ತಿಳಿಯುವ ಇದೇ ಗುಣದಿಂದ ಜೀವವಿಜ್ಞಾನಿಗಳು ಪಟ್ಟ ಪಾಡು ಬಹಳ ಜನರಿಗೆ ಗೊತ್ತಿರಬಹುದು: 2310009ಇ13 ಎಂಬಂಥ ಗುರುತುಸಂಖ್ಯೆಗಳು 2.31 × 10¹⁹ ಎಂಬ ಸಂಖ್ಯೆಗಳಾಗಿಬಿಟ್ಟಿದ್ದವು, ಮತ್ತು ಕೆಲವು ಜೀನುಗಳ ಹೆಸರುಗಳು ದಿನಾಂಕಗಳಾಗಿ ಬದಲಾಗುತ್ತಿದ್ದ ಕಾರಣ ಆ ಜೀನುಗಳಿಗೇ ಹೊಸ ಹೆಸರು ಕೊಡಬೇಕಾಯಿತು ಎಂಬುದು 2020ರಲ್ಲಿ ಸುದ್ದಿಯಾಗಿತ್ತು. ಅಲ್ಲಿ ಹಾಳಾದದ್ದು ಕಣ್ಣಿಗೆ ಕಾಣುವಂತಿತ್ತು. ಅನಿಶ್ಚಿತತೆ ಹಾಳಾದರೆ ಅದೂ ಒಂದು ಸಭ್ಯ ಸಂಖ್ಯೆಯಂತೆಯೇ ಕಾಣುತ್ತದೆ.

ಆವರಣದ ಬರವಣಿಗೆಯನ್ನೇ ಬಳಸುವ ದೊಡ್ಡ ದತ್ತಾಂಶ ಸಂಗ್ರಹಗಳು ದಶಕಗಳಿಂದ ನಡೆದುಕೊಂಡು ಬಂದಿವೆಯಲ್ಲ ಎಂದು ತಿಳಿದವರು ಕೇಳಬಹುದು. ಸರಿಯಾದ ಪ್ರಶ್ನೆ. ಸ್ಫಟಿಕಗಳ ರಚನೆಯನ್ನು ದಾಖಲಿಸುವ ಸಿಐಎಫ್ ಕಡತಗಳಲ್ಲಿ, 1991ರಲ್ಲಿ ಆ ರೂಪ ಪ್ರಕಟವಾದಾಗಿನಿಂದಲೂ, ಬಂಧದ ಉದ್ದವನ್ನು 1.542(3) ಎಂಬ ರೀತಿಯಲ್ಲಿಯೇ ಬರೆಯಲಾಗುತ್ತದೆ. ನ್ಯೂಕ್ಲಿಯಸ್‌ಗಳ ರಚನೆಯ ದತ್ತಾಂಶಕ್ಕೆ ಮೀಸಲಾದ ಇಎನ್‌ಎಸ್‌ಡಿಎಫ್ ರೂಪದಲ್ಲಿ ಆವರಣವೂ ಇಲ್ಲ. ಎಂಬತ್ತು ಅಕ್ಷರಗಳ ಸಾಲಿನಲ್ಲಿ ಶಕ್ತಿಯ ಮೌಲ್ಯಕ್ಕೆ ಇಂತಿಷ್ಟು ಸ್ಥಾನ, ಅದರ ಅನಿಶ್ಚಿತತೆಯ ಅಂಕೆಗಳಿಗೆ ನಂತರದ ಎರಡು ಸ್ಥಾನ ಎಂದು ನಿಗದಿಯಾಗಿದೆ. ಎಂಬತ್ತು ಎಂಬ ಲೆಕ್ಕ ಬಂದದ್ದು ರಂಧ್ರ ಕೊರೆದ ಕಾರ್ಡುಗಳಿಂದ. ಆ ಕಾಲದಲ್ಲಿ ಒಂದೊಂದು ಅಕ್ಷರವೂ ದುಬಾರಿಯಾಗಿತ್ತು. ಇಎನ್‌ಡಿಎಫ್ ಎಂಬ ಇನ್ನೊಂದು ರೂಪದಲ್ಲಿ ಹನ್ನೊಂದು ಅಕ್ಷರಗಳ ಜಾಗದಲ್ಲಿ ಇನ್ನೊಂದು ಅಂಕೆ ಹಿಡಿಸಲಿ ಎಂದು ಇ ಅಕ್ಷರವನ್ನೇ ಕೈಬಿಟ್ಟು 1.234567+6 ಎಂದು ಬರೆಯುತ್ತಾರೆ. ಇವೆಲ್ಲ ನಡೆಯುತ್ತಿರುವುದು ಎರಡು ಕಾರಣಗಳಿಂದ. ಒಂದು, ಅವುಗಳಿಗೆ ಬರೆದಿಟ್ಟ ವ್ಯಾಕರಣವಿದೆ, ಆ ವ್ಯಾಕರಣ ಬಲ್ಲ ತಂತ್ರಾಂಶಗಳಿವೆ, ತಪ್ಪು ಹಿಡಿಯುವ ಸಂಪಾದಕರಿದ್ದಾರೆ. ಇನ್ನೊಂದು, ಮತ್ತು ಇದೇ ಮುಖ್ಯ, ಬಿಡಿಸಿ ಓದುವವರೆಗೂ ಅಲ್ಲಿ ಸಂಖ್ಯೆಯನ್ನು ಅಕ್ಷರಗಳ ಸಾಲಾಗಿಯೇ ಕಾಪಾಡಲಾಗುತ್ತದೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಳಸುವವರಿಗೆ ಸಿಗುವ ‘ಅನ್‌ಸರ್ಟನ್ಟೀಸ್’ ಪ್ಯಾಕೇಜ್ ಸಹ 6.67430(15)ಇ-11 ಎಂಬುದನ್ನು ಪಠ್ಯವಾಗಿ ಕೊಟ್ಟರೆ ಸರಿಯಾಗಿಯೇ ಓದುತ್ತದೆ. ನಮ್ಮ ನಿಮ್ಮ ಮೇಜಿನ ಮೇಲೆ ಹುಟ್ಟುವ, ನಾಲ್ಕು ಜನರ ಕೈ ದಾಟಿ ಹೋಗುವ ಸಾಮಾನ್ಯ ಕಡತಕ್ಕೆ ಇಂಥ ಕಾವಲು ಯಾವುದೂ ಇರುವುದಿಲ್ಲ. ಪ್ರೋಟೀನ್ ರಚನೆಗಳಿಗಾಗಿ ಸಿಐಎಫ್‌ನಿಂದಲೇ ಬೆಳೆದ ಎಂಎಂಸಿಐಎಫ್ ರೂಪದಲ್ಲಿ ಪರಮಾಣುವಿನ ನಿರ್ದೇಶಾಂಕಕ್ಕೆ ಒಂದು ಹೆಸರು, ಅದರ ಅನಿಶ್ಚಿತತೆಗೆ ಬೇರೊಂದು ಹೆಸರು ಇಟ್ಟಿರುವುದನ್ನೂ ಇಲ್ಲಿ ನೆನೆಯಬೇಕು.

ಹಾಗಾದರೆ ಹೇಗೆ ಬರೆಯಬೇಕು? ಮೊದಲ ಕಾಲಂನಲ್ಲಿ 6.67430ಇ-11, ಎರಡನೆಯದರಲ್ಲಿ 0.00015ಇ-11, ಮೂರನೆಯದರಲ್ಲಿ ಏಕಮಾನ. ಎರಡನೆಯದನ್ನು 1.5ಇ-15 ಎಂದು ಬರೆದರೂ ಕಂಪ್ಯೂಟರಿಗೆ ವ್ಯತ್ಯಾಸವಿಲ್ಲ, ಆದರೆ ಒಂದೇ ಘಾತದಲ್ಲಿ ಬರೆದರೆ ಎರಡನ್ನೂ ಪಕ್ಕಪಕ್ಕದಲ್ಲಿ ನೋಡುವ ಕಣ್ಣಿಗೆ ಅಳತೆಯ ಗುಣಮಟ್ಟ ಕೂಡಲೇ ತಿಳಿಯುತ್ತದೆ. ನಾನು ಅದನ್ನೇ ಇಷ್ಟಪಡುತ್ತೇನೆ. ಅಮೆರಿಕದ ಮಾನಕಗಳ ಸಂಸ್ಥೆಯಾದ ಎನ್‌ಐಎಸ್‌ಟಿ ಕೋಡೇಟಾ ಸ್ಥಿರಾಂಕಗಳನ್ನು ಪಠ್ಯ ಕಡತವಾಗಿ ಕೊಡುವಾಗ ಮೌಲ್ಯ, ಅನಿಶ್ಚಿತತೆ, ಏಕಮಾನ ಎಂದು ಬೇರೆಬೇರೆ ಕಾಲಂಗಳನ್ನೇ ಮಾಡಿ, ಎರಡಕ್ಕೂ ಒಂದೇ ಘಾತವನ್ನು ಇಟ್ಟಿದೆ. ಅಲ್ಲಿಯೂ ಅಂಕೆಗಳ ನಡುವೆ ಬಿಟ್ಟಿರುವ ಖಾಲಿ ಜಾಗಗಳನ್ನು ತೆಗೆದ ನಂತರವೇ ಓದಬೇಕು, ಇಲ್ಲವಾದರೆ 6.674 ಎಂಬಲ್ಲಿಗೇ ಸಂಖ್ಯೆ ಮುಗಿಯಿತೆಂದು ತಂತ್ರಾಂಶ ತಿಳಿಯುತ್ತದೆ. ಬೇರೆ ಕಾಲಂ ಇದ್ದಾಗ ಸೊನ್ನೆ ಉದುರಿದರೂ ನಷ್ಟವಿಲ್ಲ: 6.6743ಇ-11ರ ಪಕ್ಕದಲ್ಲಿ 0.00015ಇ-11 ಎಂಬುದು ತನ್ನ ಬಲದ ಮೇಲೆಯೇ ನಿಂತಿರುತ್ತದೆ.

ಕಡತದ ತಲೆಬರಹದಲ್ಲಿ ಆ ಎರಡನೆಯ ಕಾಲಂ ಏನನ್ನು ಹೇಳುತ್ತದೆ ಎಂಬುದನ್ನೂ ಬರೆಯಬೇಕು. ಮಾನಕ ವಿಚಲನೆಯಷ್ಟೇ ಆದ ಮಾನಕ ಅನಿಶ್ಚಿತತೆಯೋ, ಅದನ್ನು ಎರಡರಿಂದ ಗುಣಿಸಿದ, ಸುಮಾರು ಶೇ 95ರಷ್ಟು ಭರವಸೆಯ ವಿಸ್ತೃತ ಅನಿಶ್ಚಿತತೆಯೋ ಎಂಬುದು ಸಂಖ್ಯೆಯ ಮುಖ ನೋಡಿ ಗೊತ್ತಾಗುವುದಿಲ್ಲ. ‘ಗಮ್’ ಎಂದು ಕರೆಯುವ, 1993ರಲ್ಲಿ ಮೊದಲು ಪ್ರಕಟವಾದ ಅಳತೆಯ ಅನಿಶ್ಚಿತತೆಯ ಅಂತಾರಾಷ್ಟ್ರೀಯ ಮಾರ್ಗದರ್ಶಿ, ಮಾನಕ ಅನಿಶ್ಚಿತತೆಯನ್ನು ಹೇಳಲು ± ಚಿಹ್ನೆಯನ್ನು ಸಾಧ್ಯವಾದಷ್ಟು ಬಳಸಬೇಡಿ ಎಂದು ಸಲಹೆ ಮಾಡಿರುವುದು ಇದೇ ಕಾರಣಕ್ಕೆ. ಹೆಚ್ಚಿನ ಭರವಸೆಯ ಮಿತಿಗಳನ್ನು ಸೂಚಿಸಲು ಆ ಚಿಹ್ನೆ ಮೊದಲಿನಿಂದ ಬಳಕೆಯಲ್ಲಿದೆ. ಇದೊಂದು ಸಾಲು ಇಲ್ಲದ ಕಡತದಲ್ಲಿ ಅನಿಶ್ಚಿತತೆ ಇದ್ದೂ ಎರಡು ಪಟ್ಟಿನ ಗೊಂದಲ ಉಳಿಯುತ್ತದೆ.

ಎಷ್ಟು ಅಂಕೆಗಳನ್ನು ಬರೆಯಬೇಕು ಎಂಬುದರಲ್ಲಿ ಮುದ್ರಣದ ನಿಯಮವೇ ಬೇರೆ, ಕಡತದ ನಿಯಮವೇ ಬೇರೆ ಎಂದು ನಾನು ಹೇಳುತ್ತೇನೆ. ಕಣ ಭೌತವಿಜ್ಞಾನದ ಪಾರ್ಟಿಕಲ್ ಡೇಟಾ ಗ್ರೂಪ್ ತನ್ನ ಪಟ್ಟಿಗಳಿಗೆ ಒಂದು ನಿಯಮ ಇಟ್ಟುಕೊಂಡಿದೆ: ಅನಿಶ್ಚಿತತೆಯ ಮೊದಲ ಮೂರು ಅಂಕೆಗಳು 100ರಿಂದ 354ರ ನಡುವೆ ಇದ್ದರೆ ಎರಡು ಅಂಕೆ, 355ರಿಂದ 949ರವರೆಗೆ ಒಂದೇ ಅಂಕೆ, 950ರ ಮೇಲಾದರೆ 1000ಕ್ಕೆ ಏರಿಸಿ ಎರಡು ಅಂಕೆ. ಓದುವವರಿಗೆ ಇದು ಒಳ್ಳೆಯ ನಿಯಮ. ಆದರೆ ಮುಂದೆ ಲೆಕ್ಕಕ್ಕೆ ಬಳಕೆಯಾಗುವ ಕಡತದಲ್ಲಿ ಒಂದೆರಡು ಅಂಕೆ ಹೆಚ್ಚಾಗಿಯೇ ಉಳಿಯಲಿ. ಅನಿಶ್ಚಿತತೆಯನ್ನು ಒಂದೇ ಅಂಕೆಗೆ ಇಳಿಸಬೇಕೆಂದು ತರಗತಿಯಲ್ಲಿ ಕಲಿತವರು 0.14 ಅನ್ನು 0.1 ಮಾಡುತ್ತಾರೆ, ಆ ಒಂದು ಹೆಜ್ಜೆಯಲ್ಲಿ ಅಳತೆಯ ತೂಕ ಹೆಚ್ಚುಕಡಿಮೆ ಎರಡು ಪಟ್ಟಾಗಿರುತ್ತದೆ.

ಖಾಲಿ ಮನೆಗಳ ಬಗ್ಗೆಯೂ ಒಂದು ಮಾತು. ಅನಿಶ್ಚಿತತೆ ಗೊತ್ತಿಲ್ಲದಿದ್ದರೆ ಮನೆಯನ್ನು ಖಾಲಿ ಬಿಡಬೇಕು, ಸೊನ್ನೆ ಹಾಕಬಾರದು. ಸೊನ್ನೆ ಎಂದರೆ ನಿಖರ ಎಂದೇ ಅರ್ಥ. ಬೆಳಕಿನ ವೇಗ ಸೆಕೆಂಡಿಗೆ 299792458 ಮೀಟರ್ ಎಂದು 1983ರಿಂದ ವ್ಯಾಖ್ಯೆಯಿಂದಲೇ ನಿಶ್ಚಿತವಾಗಿದೆ. ಪ್ಲಾಂಕ್ ಸ್ಥಿರಾಂಕ 2019ರ ಮೇ 20ರಿಂದ ಹಾಗೆ ಆಗಿದೆ. ಅವುಗಳ ಎದುರು ಸೊನ್ನೆ ಬರೆಯುವುದು ನ್ಯಾಯ. ಅಳೆಯದೆ ಅಂದಾಜು ಮಾಡಿದ ಮೌಲ್ಯವಾದರೆ ಅದನ್ನು ತಿಳಿಸಲು ಇನ್ನೊಂದು ಕಾಲಂ ಇರಲಿ. ಪರಮಾಣು ದ್ರವ್ಯರಾಶಿಗಳ ಪ್ರಸಿದ್ಧ ಪಟ್ಟಿಯಲ್ಲಿ ಅಂದಾಜಿನ ಮೌಲ್ಯಗಳಿಗೆ ದಶಾಂಶ ಬಿಂದುವಿನ ಜಾಗದಲ್ಲಿ # ಚಿಹ್ನೆ ಇಡುತ್ತಾರೆ. ಕಣ್ಣಿಗೆ ಅದು ಸೊಗಸಾದ ಎಚ್ಚರಿಕೆ, ಆದರೆ ಸಂಖ್ಯೆಗಳನ್ನು ನಿರೀಕ್ಷಿಸಿ ಓದುವ ತಂತ್ರಾಂಶ ಅಲ್ಲಿಯೇ ನಿಂತುಹೋಗುತ್ತದೆ. ಮೇಲಕ್ಕೆ ಒಂದು, ಕೆಳಕ್ಕೆ ಇನ್ನೊಂದು ಎಂದು ಅನಿಶ್ಚಿತತೆ ಅಸಮವಾಗಿದ್ದರೆ ಎರಡು ಕಾಲಂ ಬೇಕು. ಅಳತೆಗಳು ಪರಸ್ಪರ ಅವಲಂಬಿಸಿದ್ದರೆ ಎಷ್ಟು ಕಾಲಂ ಮಾಡಿದರೂ ಸಾಲದು, ಸಹಸಂಬಂಧದ ಕೋಷ್ಟಕವನ್ನೇ ಜೊತೆಗೆ ಕೊಡಬೇಕಾಗುತ್ತದೆ.

ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ ಇದೆ. ಪ್ರಯೋಗದ ವರದಿಯಲ್ಲಿ ಅನಿಶ್ಚಿತತೆಯನ್ನು ಹೇಗೆ ಬರೆಯಬೇಕೆಂದು ನೀವು ಕಲಿಸುತ್ತಿದ್ದೀರಿ. ಅದರ ಜೊತೆಗೆ ಒಂದು ತರಗತಿಯ ಅವಧಿಯನ್ನು ಕಡತಕ್ಕೂ ಕೊಡಿ. 2.3410(12) ಎಂಬ ಬರಹವಿರುವ ಸಾಲೊಂದನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಅದನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು, ಉಳಿಸಿ, ಮತ್ತೆ ತೆರೆದು, ಬೇರೆ ತಂತ್ರಾಂಶಕ್ಕೆ ದಾಟಿಸಿ ಕೊನೆಗೆ ಉಳಿದದ್ದೇನು ಎಂದು ಅವರೇ ನೋಡಲಿ. ನನಗೆ ಮೂರು ದಿನ ಹಿಡಿದದ್ದು ಅವರಿಗೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಹಳೆಯ ಕಡತಗಳನ್ನು ಇಟ್ಟುಕೊಂಡಿರುವ ಸಂಶೋಧಕರು ಆವರಣಗಳನ್ನು ಬಿಡಿಸಿ ಎರಡು ಕಾಲಂ ಮಾಡುವ ಕೆಲಸವನ್ನು, ಆ ಅಳತೆಗಳನ್ನು ಮಾಡಿದವರು ಕೈಗೆ ಸಿಗುವಂತಿರುವಾಗಲೇ, ಮೂಲ ನೋಟುಪುಸ್ತಕ ಪಕ್ಕದಲ್ಲಿಟ್ಟುಕೊಂಡು ಮಾಡಿ ಮುಗಿಸಬೇಕು. ನಮ್ಮ ಪ್ರಯೋಗಾಲಯದಲ್ಲಿ ಆ ಕೆಲಸಕ್ಕೆ ಕುಳಿತಾಗ, ಸಾಂದ್ರತೆಯ ಆ ಸಾಲಿನ ಹಾಗೆಯೇ ಸೊನ್ನೆ ಕಳೆದುಕೊಂಡ ಇನ್ನೂ ಹಲವು ಸಾಲುಗಳು ಸಿಕ್ಕಿದವು.

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಇಂಥ ಸಂಖ್ಯೆಗಳನ್ನು ಪ್ರಕಟಿಸುವಾಗ ಆವರಣವನ್ನೂ ಕೊನೆಯ ಸೊನ್ನೆಯನ್ನೂ ಬಿಡದೆ ಅಚ್ಚು ಹಾಕಬೇಕೆಂದೂ, ಆವರಣದ ಅಂಕೆಗಳ ಅರ್ಥವನ್ನು ಒಂದು ಸಾಲಿನಲ್ಲಿ ಓದುಗರಿಗೆ ತಿಳಿಸಬೇಕೆಂದೂ ತಮ್ಮಲ್ಲಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪ್ರಯೋಗಾಲಯವೊಂದರಲ್ಲಿ ದತ್ತಾಂಶ ನೋಡಿಕೊಳ್ಳುವ ಓದುಗ